ನಾಲ್ಕು ರೂಪಾಯಿಗೆ ಗಲಾಟೆ, ಇನ್ನೂರು ರೂಪಾಯಿಗೆ ಮೌನ

2025ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಮೂರು ದರಗಳು ಒಟ್ಟಿಗೆ ಏರಿದವು. ನಂದಿನಿ ಹಾಲು ಲೀಟರಿಗೆ 4 ರೂಪಾಯಿ, ವಿದ್ಯುತ್ ಯೂನಿಟ್ಟಿಗೆ 36 ಪೈಸೆ. ಡೀಸೆಲ್ ಮೇಲಿನ ಮಾರಾಟ ತೆರಿಗೆ ಶೇ 18.44ರಿಂದ ಶೇ 21.17ಕ್ಕೆ ಹೋಯಿತು, ಬಂಕಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 2 ರೂಪಾಯಿ. ಸರ್ಕಾರಿ ಬಸ್ಸಿನ ದರ ಅದೇ ಜನವರಿಯಲ್ಲಿ ಶೇ 15ರಷ್ಟು ಏರಿತ್ತು. ಲಾರಿ ಮಾಲೀಕರು ಮುಷ್ಕರ ಹೂಡಿದರು, ವಿರೋಧ ಪಕ್ಷ ಜನಾಕ್ರೋಶ ಯಾತ್ರೆ ಹೊರಡಿಸಿತು, ಹೋಟೆಲಿನವರು ಚಹಾದ ದರದ ಬೋರ್ಡು ತಿದ್ದಿದರು.

ಅದೇ ಬೆಳಿಗ್ಗೆ ಮಲೆನಾಡಿನ ಹೊಸನಗರದ ಕಡೆಯ ಯಾವುದಾದರೂ ಹಳ್ಳಿಯ ಡೈರಿಯ ಮುಂದೆ ನಿಂತಿದ್ದರೆ ಬೇರೆಯೇ ಮಾತು ಕೇಳಬಹುದಿತ್ತು. ಕ್ಯಾನಿನಿಂದ ಹಾಲು ಸುರಿದು, ಫ್ಯಾಟ್ ಎಷ್ಟು ಬಂತೆಂದು ಇಣುಕಿ, ಚೀಟಿ ಹಿಡಿದು ಹೊರಬರುವ ಹೆಂಗಸಿಗೆ ಆ 4 ರೂಪಾಯಿ ಏರಿಕೆಯಲ್ಲ, ಆದಾಯ. ಹೆಚ್ಚಿಸಿದ ಹಣ ಹಾಲು ಉತ್ಪಾದಕರಿಗೇ ಹೋಗುತ್ತದೆ ಎಂದು ಸರ್ಕಾರವೂ ಹೇಳಿತ್ತು. ಆದರೆ ಅವಳ ಮನೆಗೆ ಬರುವ ಹಿಂಡಿ ಮೂಟೆ ಲಾರಿಯಲ್ಲಿ ಬರುತ್ತದೆ, ಲಾರಿ ಡೀಸೆಲಿನಲ್ಲಿ ಓಡುತ್ತದೆ. ಶಿವಮೊಗ್ಗದಲ್ಲಿ ಓದುವ ಮಗಳು ಹಾಸ್ಟೆಲಿನಲ್ಲಿ ಕುಡಿಯುವ ಹಾಲಿಗೆ ಅವಳೇ ದುಡ್ಡು ಕಳಿಸಬೇಕು. ಒಂದೇ ಮನೆ, ಒಂದೇ ದಿನ, ಮೂರು ಥರದ ಪ್ರತಿಕ್ರಿಯೆ. ಟಿವಿಯವರು ಮೈಕು ಹಿಡಿದು ‘ಬೆಲೆ ಏರಿಕೆಗೆ ಜನ ಏನಂತಾರೆ’ ಎಂದು ಕೇಳುವಾಗ ಈ ಮನೆ ಅವರ ಪ್ರಶ್ನೆಯಲ್ಲಿ ಹಿಡಿಸುವುದಿಲ್ಲ.

ಬೆಲೆ ಏರಿಕೆಯ ಕಾಲದಲ್ಲಿ ಬಜೆಟ್ಟಿನ ತೀರ್ಮಾನಗಳಿಗೆ ಜನ ಹೇಗೆ ಸ್ಪಂದಿಸುತ್ತಾರೆ ಎಂಬುದಕ್ಕೆ ಒಂದು ಕ್ರಮವಿದೆ. ತಾರೀಖು ಹಾಕಿಕೊಂಡು ಬರುವ ಏರಿಕೆಗೆ ನಾವು ಸಿಟ್ಟಾಗುತ್ತೇವೆ. ತಾರೀಖಿಲ್ಲದೆ ಕರಗುವ ಹಣಕ್ಕೆ ಸುಮ್ಮನಿರುತ್ತೇವೆ. ಎರಡನೆಯದೇ ದೊಡ್ಡ ಪೆಟ್ಟು ಎಂಬುದು ನನ್ನ ವಾದ. ಅದನ್ನು ಒಪ್ಪುವುದಕ್ಕೆ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ.

‘ಹಣದುಬ್ಬರ ಇಳಿದಿದೆ’ ಎಂದರೆ

ಆ ಏಪ್ರಿಲ್ ತಿಂಗಳಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇ 3.16. 2019ರ ಜುಲೈ ನಂತರ ಅಷ್ಟು ಕೆಳಗಿಳಿದಿರಲಿಲ್ಲ. ಆಕ್ರೋಶ ಭುಗಿಲೆದ್ದದ್ದೂ ಅದೇ ತಿಂಗಳಲ್ಲಿ. ಜನರಿಗೆ ಅರ್ಥಶಾಸ್ತ್ರ ತಿಳಿಯುವುದಿಲ್ಲ ಎಂದು ನಗುವವರು ಇಲ್ಲಿ ಎಡವುತ್ತಾರೆ.

ಹಣದುಬ್ಬರ ಎಂಬುದು ಬೆಲೆಯಲ್ಲ, ಬೆಲೆ ಏರುವ ವೇಗ. 100 ರೂಪಾಯಿಯ ದಿನಸಿ ಮೊದಲ ವರ್ಷ ಶೇ 7, ಎರಡನೇ ವರ್ಷ ಶೇ 6, ಮೂರನೇ ವರ್ಷ ಶೇ 3ರಂತೆ ಏರಿತು ಎಂದುಕೊಳ್ಳಿ. ಮೂರನೇ ವರ್ಷ ಪತ್ರಿಕೆಯಲ್ಲಿ ‘ಹಣದುಬ್ಬರ ಇಳಿಕೆ’ ಎಂಬ ಶೀರ್ಷಿಕೆ ಬರುತ್ತದೆ. ಅಂಗಡಿಯ ಚೀಟಿಯಲ್ಲಿ ಸುಮಾರು 117 ಎಂದು ಬರೆದಿರುತ್ತದೆ. ಎರಡೂ ನಿಜ. 2022ರ ಏಪ್ರಿಲ್‌ನಲ್ಲಿ ಶೇ 7.79, 2023ರ ಜುಲೈನಲ್ಲಿ ಶೇ 7.44, 2024ರ ಅಕ್ಟೋಬರ್‌ನಲ್ಲಿ ಶೇ 6.21 ಎಂದು ಏರಿದ ಬೆಲೆಗಳು ಆಮೇಲೆ ಕೆಳಗಿಳಿದು ಬರಲಿಲ್ಲ, ಅಲ್ಲೇ ಕೂತವು. ಟೊಮೆಟೊ ಮಾತ್ರ ಏರಿದಷ್ಟೇ ಬೇಗ ಇಳಿಯುತ್ತದೆ. ಬಸ್ ಟಿಕೆಟ್, ಶಾಲೆಯ ಫೀಸು, ಹೋಟೆಲಿನ ದೋಸೆ ಹತ್ತಿದ ಮೆಟ್ಟಿಲು ಇಳಿಯುವ ಜಾತಿಯವಲ್ಲ. ವೇಗ ಕಡಿಮೆಯಾಯಿತೆಂದು ಸಂತೋಷಪಡಬೇಕಾದರೆ ಸಂಪಾದನೆಯೂ ಆ 117ನ್ನು ಮುಟ್ಟಿರಬೇಕು. ಮುಟ್ಟದವನಿಗೆ ಶೇ 3 ಕೂಡ ಹೊರೆಯೇ.

ಇನ್ನು ಆ ಸಂಖ್ಯೆಯನ್ನು ಅಳೆಯುವ ಮಾಪು. ಸಾಗರ ತಾಲ್ಲೂಕಿನವರಿಗೆ ಮಾಪಿನ ಜಗಳ ಏನೆಂದು ಹೇಳಿಕೊಡಬೇಕಾಗಿಲ್ಲ. 1951ರ ಕಾಗೋಡು ಸತ್ಯಾಗ್ರಹದ ಮೂಲದಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ತಕರಾರಿತ್ತು. ಅಳತೆಯ ಕೊಳಗ ಯಾರ ಕೈಯಲ್ಲಿದೆ, ಅದು ಎಷ್ಟು ಸೇರಿನದು ಎಂಬ ಪ್ರಶ್ನೆ ರೈತ ಹೋರಾಟವಾಗಿ ಬೆಳೆದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಬೆಲೆ ಸೂಚ್ಯಂಕವೂ ಅಂಥದೇ ಕೊಳಗ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡು ಆಗ ಬಳಕೆಯಲ್ಲಿದ್ದ ಸರಣಿಯಲ್ಲಿ ಆಹಾರ ಮತ್ತು ಪಾನೀಯಗಳ ತೂಕ, ಅಂದರೆ ಮನೆಖರ್ಚಿನಲ್ಲಿ ಅವುಗಳಿಗೆ ಕೊಟ್ಟ ಪಾಲು, ದೇಶಕ್ಕೆ ಶೇ 45.86, ಗ್ರಾಮೀಣಕ್ಕೆ ಶೇ 54.18, ನಗರಕ್ಕೆ ಶೇ 36.29 ಇತ್ತು. ಅಕ್ಕಿ, ಬೇಳೆ, ಎಣ್ಣೆ ಏರಿದರೆ ಹಳ್ಳಿಗೆ ತಾಗುವ ಬಿಸಿ ಬೇರೆ, ಪಟ್ಟಣಕ್ಕೆ ತಾಗುವ ಬಿಸಿ ಬೇರೆ. ಪತ್ರಿಕೆಯ ಶೀರ್ಷಿಕೆಯಲ್ಲಿ ಎರಡನ್ನೂ ಕಲಸಿದ ಒಂದೇ ಸಂಖ್ಯೆ ಬರುತ್ತದೆ.

ಮಲೆನಾಡಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಇಲ್ಲಿ ಖರ್ಚಿನ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಲ್ಲ, ಮಳೆ ಹಿಡಿಯುವ ಹೊತ್ತಿಗೆ. ಅಡಿಕೆಯ ಕೊಳೆ ರೋಗದ ಔಷಧಿಗೆ ಮೈಲುತುತ್ತ ಮತ್ತು ಸುಣ್ಣ, ಮರ ಹತ್ತಿ ಹೊಡೆಯುವ ಕೊನೆಗಾರನ ಕೂಲಿ, ತೋಟಕ್ಕೆ ಗೊಬ್ಬರ, ಮಕ್ಕಳ ಫೀಸು ಮತ್ತು ಸಮವಸ್ತ್ರ, ಮಳೆಗಾಲದ ದಿನಸಿ ಎಲ್ಲವೂ ಮೇ, ಜೂನ್ ತಿಂಗಳಲ್ಲಿ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಅಡಿಕೆಯ ದುಡ್ಡು ಕೈಗೆ ಬರುವುದಕ್ಕೆ ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಬೇಕು. ಈ ಪಟ್ಟಿಯ ಮೊದಲ ಅರ್ಧ ಚಿಲ್ಲರೆ ಹಣದುಬ್ಬರದ ಲೆಕ್ಕಕ್ಕೇ ಬರುವುದಿಲ್ಲ. ಮನೆಯವರು ಬಳಸುವ ವಸ್ತುಗಳ ಬೆಲೆಯನ್ನು ಆ ಸೂಚ್ಯಂಕ ಅಳೆಯುತ್ತದೆ, ಬೆಳೆ ಬೆಳೆಯಲು ತಗಲುವ ವೆಚ್ಚವನ್ನಲ್ಲ. ಮೈಲುತುತ್ತದ ಬೆಲೆ ಎಷ್ಟೇ ಏರಲಿ, ಶೇ 3.16 ಕದಲುವುದಿಲ್ಲ. ತಮಾಷೆಯೆಂದರೆ ಅಡಿಕೆ ಮಾತ್ರ ಆ ಸೂಚ್ಯಂಕದಲ್ಲಿದೆ, ಪಾನ್ ಮತ್ತು ತಂಬಾಕಿನ ಗುಂಪಿನಲ್ಲಿ. ರಾಶಿ ಅಡಿಕೆಯ ಧಾರಣೆ ಏರಿದರೆ ದೇಶದ ಹಣದುಬ್ಬರ ಕೂದಲೆಳೆಯಷ್ಟು ಹೆಚ್ಚುತ್ತದೆ, ತೀರ್ಥಹಳ್ಳಿಯಲ್ಲಿ ಹೊಸ ಬೈಕು ಮಾರಾಟವಾಗುತ್ತದೆ.

ಸರ್ಕಾರದ ಕೈ ಎಲ್ಲಿಯವರೆಗೆ ಚಾಚುತ್ತದೆ

2025–26ರ ರಾಜ್ಯ ಬಜೆಟ್ಟಿನ ಗಾತ್ರ 4.09 ಲಕ್ಷ ಕೋಟಿ ರೂಪಾಯಿ. ಅಷ್ಟು ದೊಡ್ಡ ಸರ್ಕಾರಕ್ಕೆ 2 ರೂಪಾಯಿಯ ಡೀಸೆಲ್ ತೆರಿಗೆ ಯಾಕೆ ಬೇಕು ಎಂಬುದು ಬಸ್ ನಿಲ್ದಾಣದಲ್ಲೂ ಕೇಳಿಬರುವ ಪ್ರಶ್ನೆ. ಉತ್ತರ 2017ರ ಜುಲೈನಲ್ಲಿದೆ. ಜಿಎಸ್‌ಟಿ ಬಂದ ಮೇಲೆ ಸೋಪಿನಿಂದ ಸಿಮೆಂಟಿನವರೆಗೆ ದರ ನಿಗದಿ ಕೇಂದ್ರ ಮತ್ತು ರಾಜ್ಯಗಳು ಸೇರಿದ ಜಿಎಸ್‌ಟಿ ಮಂಡಳಿಯ ಕೈಗೆ ಹೋಯಿತು. ರಾಜ್ಯ ತಾನೇ ಏರಿಸಬಹುದಾದದ್ದು ಎಂದು ಉಳಿದದ್ದು ಪೆಟ್ರೋಲ್ ಮತ್ತು ಡೀಸೆಲ್, ಮದ್ಯ, ಆಸ್ತಿ ನೋಂದಣಿ, ವಾಹನ ತೆರಿಗೆ ಇಂಥ ಕೆಲವೇ. ಇನ್ನೊಂದು ಕಡೆ, ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ನ್ನು ದಾಟಬಾರದು. ಆ ಬಜೆಟ್ಟಿನಲ್ಲಿ ಅಂದಾಜಿಸಿದ ಕೊರತೆ ಶೇ 2.95. ಅಂಚಿಗೆ ಬಂದು ನಿಂತ ಮೇಲೆ ಹೊಸ ಖರ್ಚಿಗೆ ಹಣ ಹುಟ್ಟಬೇಕಾದರೆ ಉಳಿದಿರುವ ನಾಲ್ಕೈದು ಬಾಗಿಲುಗಳನ್ನೇ ತಟ್ಟಬೇಕು. ಯಾವ ಪಕ್ಷ ಕೂತಿದ್ದರೂ ಅಷ್ಟೇ.

ಇಂಧನ ತೆರಿಗೆಯ ಒಳಗೊಂದು ಸಣ್ಣ ಕುಶಲವಿದೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ನಿಂತಿರುತ್ತದೆ. ಕರ್ನಾಟಕದ ತೆರಿಗೆ ಶೇಕಡಾವಾರು. ಕಚ್ಚಾ ತೈಲ ಏರಿದಾಗ ಕೇಂದ್ರದ ಪಾಲು ಹಾಗೇ ಇರುತ್ತದೆ, ರಾಜ್ಯದ ಪಾಲು ಯಾವ ಆದೇಶವೂ ಇಲ್ಲದೆ ತಾನಾಗಿ ಉಬ್ಬುತ್ತದೆ. ಬೆಲೆ ಏರಿಕೆ ಸರ್ಕಾರಕ್ಕೆ ಬರೀ ತಲೆನೋವಲ್ಲ, ಒಂದು ಆದಾಯವೂ ಹೌದು. ಆ ಆದಾಯಕ್ಕೆ ಸದನದ ಒಪ್ಪಿಗೆ ಬೇಕಿಲ್ಲ.

ಇಳಿಸಿದ್ದೂ ಉಂಟು. 2021ರ ದೀಪಾವಳಿಯ ಹೊತ್ತಿಗೆ ಕೇಂದ್ರ ಪೆಟ್ರೋಲಿಗೆ 5, ಡೀಸೆಲಿಗೆ 10 ರೂಪಾಯಿ ಸುಂಕ ಇಳಿಸಿತು. ಬೆನ್ನಲ್ಲೇ ಅಂದಿನ ರಾಜ್ಯ ಸರ್ಕಾರ ಎರಡಕ್ಕೂ 7 ರೂಪಾಯಿ ಕಡಿಮೆ ಮಾಡಿತು. 2022ರ ಮೇ 21ರಂದು ಕೇಂದ್ರ ಮತ್ತೆ 8 ಮತ್ತು 6 ರೂಪಾಯಿ ಇಳಿಸಿತು. ಆ ತಾರೀಖುಗಳು ಯಾರಿಗಾದರೂ ನೆನಪಿವೆಯೇ? ಇಳಿಕೆಯ ಆಯಸ್ಸು ಒಂದು ವಾರ.

ಇನ್ನು ಏರದೇ ಉಳಿದ ಬೆಲೆಯನ್ನಂತೂ ಯಾರೂ ಗಮನಿಸುವುದಿಲ್ಲ. 2022ರಲ್ಲಿ ಉಕ್ರೇನ್ ಯುದ್ಧದಿಂದ ಜಗತ್ತಿನ ಗೊಬ್ಬರದ ಮಾರುಕಟ್ಟೆ ಹೊತ್ತಿ ಉರಿಯಿತು. ಶಿವಮೊಗ್ಗದ ಸೊಸೈಟಿಯಲ್ಲಿ 45 ಕೆ.ಜಿ. ಯೂರಿಯಾ ಚೀಲದ ಬೆಲೆ 266.50 ರೂಪಾಯಿಯಲ್ಲೇ ನಿಂತಿತ್ತು. ವ್ಯತ್ಯಾಸವನ್ನು ಕೇಂದ್ರ ಬಜೆಟ್ ಹೊತ್ತುಕೊಂಡಿತು. ಆ ವರ್ಷದ ರಸಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ದಾಟಿತು. ಕೃತಜ್ಞತೆಯ ಮೆರವಣಿಗೆಯೇನೂ ಹೊರಡಲಿಲ್ಲ. ಅದೇ ವರ್ಷ ಪೊಟ್ಯಾಷ್ ಚೀಲ 1,700 ರೂಪಾಯಿಯ ಆಸುಪಾಸಿಗೆ ಹೋದಾಗ ಅಡಿಕೆ ಬೆಳೆಗಾರರ ಬಾಯಲ್ಲಿ ಎರಡು ವರ್ಷ ಅದೊಂದೇ ಮಾತು. ತಪ್ಪೇನಲ್ಲ, ಅಡಿಕೆಗೆ ಪೊಟ್ಯಾಷ್ ಬೇಕೇ ಬೇಕು. ಆದರೆ ಯೂರಿಯಾದ ಲಕ್ಷ ಕೋಟಿಗಳಿಗಿಂತ ಪೊಟ್ಯಾಷಿನ ನೂರುಗಳು ಹೆಚ್ಚು ಕಂಡವು.

ಬೈಗುಳ ಯಾರ ಮನೆ ಬಾಗಿಲಿಗೆ

2023ರ ಜೂನ್‌ನಲ್ಲಿ ವಿದ್ಯುತ್ ಬಿಲ್ ನೋಡಿ ಜನ ಬೆಚ್ಚಿಬಿದ್ದರು. ಒಂದು ಕೈಯಲ್ಲಿ 200 ಯೂನಿಟ್ ಉಚಿತ ಎಂಬ ಭರವಸೆ, ಇನ್ನೊಂದು ಕೈಯಲ್ಲಿ ದುಪ್ಪಟ್ಟಾದಂತೆ ಕಾಣುವ ಬಿಲ್. ಮೆಸ್ಕಾಂ ಕಚೇರಿಯ ಕಿಟಕಿಯ ಮುಂದೆ ವಾಗ್ವಾದ, ವ್ಯಾಪಾರಿಗಳ ಪ್ರತಿಭಟನೆ. ‘ಗ್ಯಾರಂಟಿ ಕೊಡಲು ನಮ್ಮಿಂದಲೇ ಕಿತ್ತುಕೊಳ್ಳುತ್ತಿದ್ದಾರೆ’ ಎಂಬ ಮಾತು ಶಿವಮೊಗ್ಗದ ಗಾಂಧಿ ಬಜಾರಿನಿಂದ ಹಳ್ಳಿಯ ಜಗಲಿಯವರೆಗೆ ಹಬ್ಬಿತು. ಕೇಳಲು ಸರಿಯಾಗೇ ಇದೆ. ಆದರೆ ಯೂನಿಟ್ಟಿಗೆ ಸರಾಸರಿ 70 ಪೈಸೆ ಏರಿಸಿದ ವಿದ್ಯುತ್ ನಿಯಂತ್ರಣ ಆಯೋಗದ ಆದೇಶ ಹೊರಬಿದ್ದದ್ದು ಮೇ 12ರಂದು. ಚುನಾವಣೆಯ ಫಲಿತಾಂಶ ಬಂದದ್ದು ಮೇ 13ರಂದು. ಏಪ್ರಿಲ್‌ನಿಂದಲೇ ಅನ್ವಯವಾಗುವ ಆದೇಶವಾದ್ದರಿಂದ ಬಿಲ್ಲಿನಲ್ಲಿ ಬಾಕಿಯೂ ಸೇರಿತು. ಆದೇಶ ಬಂದಾಗ ಇದ್ದ ಸರ್ಕಾರ ಬೇರೆ, ಬೈಸಿಕೊಂಡ ಸರ್ಕಾರ ಬೇರೆ.

ಮೊಸರಿನ ಕಥೆಯಲ್ಲಿ ಇದರ ಇನ್ನೊಂದು ಮುಖವಿದೆ. 2022ರ ಜುಲೈ 18ರಿಂದ ಪ್ಯಾಕೆಟ್ ಮೊಸರು, ಮಜ್ಜಿಗೆ, ಚೀಟಿ ಅಂಟಿಸಿದ ಸಣ್ಣ ಚೀಲದ ಅಕ್ಕಿ, ಹಿಟ್ಟಿಗೆ ಶೇ 5 ಜಿಎಸ್‌ಟಿ ಬಿತ್ತು. ಬೈಗುಳವೆಲ್ಲ ದೆಹಲಿಗೆ ಹೋಯಿತು. ತೀರ್ಮಾನ ಮಾಡಿದ ಜಿಎಸ್‌ಟಿ ಮಂಡಳಿಯಲ್ಲಿ ಎಲ್ಲ ರಾಜ್ಯಗಳೂ ಕೂತಿದ್ದವು. ದರಗಳ ಪರಿಷ್ಕರಣೆಗೆ ಶಿಫಾರಸು ಮಾಡಿದ ಸಚಿವರ ಗುಂಪಿನ ಮುಖ್ಯಸ್ಥರು ಅಂದಿನ ನಮ್ಮದೇ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಹತ್ತು ಕೈ ಸೇರಿ ಮಾಡಿದ ಕೆಲಸಕ್ಕೆ ಯಾರ ಹೆಸರು ಅಂಟಿಸಬೇಕೆಂಬುದು ಆಯಾ ಪಕ್ಷದ ಚಾತುರ್ಯಕ್ಕೆ ಬಿಟ್ಟದ್ದು.

ಹಾಲಿನಲ್ಲಂತೂ ಸಿಟ್ಟಿಗೂ ಲೆಕ್ಕಕ್ಕೂ ಸಂಬಂಧವೇ ತಪ್ಪಿತು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಸೇರಿಸಿ 2 ರೂಪಾಯಿ ಹೆಚ್ಚಿಸಿದರು: ಲೀಟರಿಗೆ 42 ಇದ್ದ ಹಾಲು 1,050 ಮಿಲಿಗೆ 44. ಭಾಗಿಸಿ ನೋಡಿದರೆ ಲೀಟರಿಗೆ 41 ರೂಪಾಯಿ 90 ಪೈಸೆ, ಏರಿಕೆಯೇ ಇಲ್ಲ. ಆದರೂ ರಂಪವಾಯಿತು, ಯಾಕೆಂದರೆ ಕೇಳದ 50 ಮಿಲಿಯನ್ನು ಬಲವಂತವಾಗಿ ಕೊಳ್ಳಬೇಕಾಯಿತು. ಸಿಟ್ಟಿಗೆ ಕಾರಣವಿತ್ತು, ಆದರೆ ಅದು ದರವಲ್ಲ. 2025ರ ಏಪ್ರಿಲ್‌ನಲ್ಲಿ ಆ 50 ಮಿಲಿ ಹೋಯಿತು, ಲೀಟರಿಗೆ 46 ಆಯಿತು. ನಿಜವಾದ ಏರಿಕೆ, ಸುಮಾರು ಶೇ 10, ಆಗ ಬಂದದ್ದು.

ಮದ್ಯದ ವಿಷಯ ಬೇರೆ. 2023ರ ಜುಲೈ ಬಜೆಟ್ಟಿನಲ್ಲಿ ಮದ್ಯದ ಎಲ್ಲ 18 ಹಂತಗಳಿಗೂ ಅಬಕಾರಿ ಸುಂಕ ಶೇ 20ರಷ್ಟು ಏರಿತು. ಕುಡಿಯುವವರು ಗೊಣಗಿದರು, ಬೀದಿಗಿಳಿಯಲಿಲ್ಲ. ಬ್ಯಾನರು ಹಿಡಿಯಲು ಯಾರಿಗೂ ಧೈರ್ಯವಿಲ್ಲದ ತೆರಿಗೆ ಎಂಬುದು ಎಲ್ಲ ಹಣಕಾಸು ಸಚಿವರಿಗೂ ಗೊತ್ತು.

ಒಂದೇ ಯೋಜನೆ, ಬೇರೆ ಬೇರೆ ಬೆಲೆ

ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾಯಿತು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಬಯಲುಸೀಮೆಯಲ್ಲಿ ಇದರ ಅರ್ಥ ತಕ್ಷಣ ಆಗುತ್ತದೆ. ತೀರ್ಥಹಳ್ಳಿ, ಹೊಸನಗರದ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿ ಹೆಂಗಸರು ಟಿಕೆಟ್ ಕೊಂಡೇ ಹೋಗುತ್ತಾರೆ. ಡೀಸೆಲ್ ಏರಿದಾಗ ಆ ಟಿಕೆಟ್ಟೂ ಏರುತ್ತದೆ. ಅಂದರೆ ಯೋಜನೆಗೆ ಹಣ ಹೊಂದಿಸುವ ತೆರಿಗೆಯಲ್ಲಿ ಈ ಹೆಂಗಸಿನ ಪಾಲಿದೆ, ಯೋಜನೆಯ ಫಲದಲ್ಲಿ ಇಲ್ಲ. ಪಕ್ಕದ ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ ದಶಕಗಳ ಕಾಲ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ಖರ್ಚು ತೂಗಿಸಲಾಗದೆ ನಿಂತುಹೋಗಿತ್ತು. ಘಟ್ಟದ ದಾರಿಯಲ್ಲಿ ಬಸ್ಸು ಓಡಿಸುವುದು ಎಷ್ಟು ಕಷ್ಟವೆಂದು ತಿಳಿಯಲು ಅಷ್ಟು ಸಾಕು. ‘ಗ್ಯಾರಂಟಿಗಳಿಂದ ಜನರಿಗೆ ಅನುಕೂಲವಾಗಿದೆಯೇ’ ಎಂದು ಕೇಳಿದರೆ ಮಲೆನಾಡಿನ ಉತ್ತರ ಬಸ್ಸಿನ ಬಣ್ಣದ ಮೇಲೆ ನಿಂತಿರುತ್ತದೆ. ನಿರುದ್ಯೋಗಿ ಪದವೀಧರರಿಗೆ 3,000 ರೂಪಾಯಿ ಕೊಡುವ ಯುವನಿಧಿಯನ್ನು 2024ರ ಜನವರಿ 12ರಂದು ಉದ್ಘಾಟಿಸಿದ್ದು ಶಿವಮೊಗ್ಗದಲ್ಲೇ. ಆ ದಿನ ಮೈದಾನಕ್ಕೆ ಬರಲು ಬಸ್ಸಿಗೇನೂ ಕೊರತೆ ಇರಲಿಲ್ಲ.

ಗೃಹಲಕ್ಷ್ಮಿಯ ವಿಷಯ ಬೇರೆ ರೀತಿ. ತಿಂಗಳಿಗೆ 2,000 ರೂಪಾಯಿ ಯಜಮಾನಿಯ ಖಾತೆಗೆ ಬೀಳುವುದು ಸಣ್ಣ ಸಂಗತಿಯಲ್ಲ. ಅಂಗಡಿಯ ಉದ್ರಿ ತೀರುತ್ತದೆ, ಸಂಘದ ಕಂತು ಹೋಗುತ್ತದೆ. ಕಂತು ತಡವಾದಾಗ ಎದ್ದ ಕೂಗು ನಾವು ಕೇಳಿದ್ದೇವೆ. ಆದರೆ 2023ರ ಆಗಸ್ಟ್‌ನಲ್ಲಿ ಶುರುವಾದಾಗ 2,000 ಎಂದಿದ್ದದ್ದು ಹಾಗೇ 2,000 ಆಗಿಯೇ ಉಳಿದರೆ ಏನಾಗುತ್ತದೆ ಎಂಬ ಕೂಗು ಕೇಳಿಲ್ಲ. ವರ್ಷಕ್ಕೆ ಶೇ 5ರಂತೆ ಬೆಲೆ ಏರಿದರೆ ಎರಡು ವರ್ಷದಲ್ಲಿ ಆ ಹಣ ಕೊಳ್ಳುವುದು 1,814 ರೂಪಾಯಿಯ ಸಾಮಾನು. ತಿಂಗಳಿಗೆ ಸುಮಾರು 186 ರೂಪಾಯಿ ಕಡಿತ. ಬಜೆಟ್ ಭಾಷಣದಲ್ಲಿ ‘ಗೃಹಲಕ್ಷ್ಮಿ ಮೊತ್ತವನ್ನು 186 ರೂಪಾಯಿ ಇಳಿಸಲಾಗಿದೆ’ ಎಂದು ಒಬ್ಬರು ಓದಿದ್ದರೆ ರಾಜ್ಯ ಹೊತ್ತಿ ಉರಿಯುತ್ತಿತ್ತು. ಓದದೇ ಆದ ಇಳಿಕೆಗೆ ಉಸಿರಿಲ್ಲ.

ಇದಕ್ಕಿಂತ ಹಳೆಯ ಗಾಯಗಳಿವೆ. 60ರಿಂದ 79 ವರ್ಷದ ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರದ ಪಾಲು ತಿಂಗಳಿಗೆ 200 ರೂಪಾಯಿ. 2007ರಿಂದ ಅಷ್ಟೇ. ವರ್ಷಕ್ಕೆ ಸರಾಸರಿ ಶೇ 6 ಎಂದು ಹಿಡಿದರೂ ಹದಿನೆಂಟು ವರ್ಷದಲ್ಲಿ ಅದರ ಬೆಲೆ ಸುಮಾರು 70 ರೂಪಾಯಿಗೆ ಬಂದಿದೆ. ರಾಜ್ಯ ತನ್ನ ಹಣ ಸೇರಿಸುವುದರಿಂದ ಅಜ್ಜಿಯ ಕೈಗೆ ಬರುವುದು ಇದಕ್ಕಿಂತ ಹೆಚ್ಚು, ಅದು ನಿಜ. ಶಾಲೆಯ ಬಿಸಿಯೂಟ ಬೇಯಿಸುವವರಿಗೆ ಕೇಂದ್ರದ ಮಾರ್ಗಸೂಚಿ ಹೇಳುವ ಗೌರವಧನ 2009ರಿಂದ 1,000 ರೂಪಾಯಿ. ಅಲ್ಲೂ ರಾಜ್ಯ ಸೇರಿಸುತ್ತದೆ, ಪ್ರತಿ ಸಲವೂ ಹೋರಾಟದ ನಂತರ. ಗೌರವಧನ ಎಂದು ಕರೆದರೆ ಕನಿಷ್ಠ ವೇತನದ ಪ್ರಶ್ನೆಯೂ ಏಳುವುದಿಲ್ಲ.

ಎದುರಿಗೆ ಸರ್ಕಾರಿ ನೌಕರರನ್ನು ನೋಡಿ. ಅವರ ತುಟ್ಟಿಭತ್ಯೆ ಬೆಲೆ ಸೂಚ್ಯಂಕಕ್ಕೆ ಕಟ್ಟಿದ್ದು. ಬೆಲೆ ಏರಿದಂತೆ ಅದೂ ಏರುತ್ತದೆ. ಅದು ಸಾಲದೆಂದು 2023ರ ಮಾರ್ಚ್ 1ರಂದು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿದರು. ಅದೇ ದಿನ ಸರ್ಕಾರ ಶೇ 17 ಮಧ್ಯಂತರ ಪರಿಹಾರ ಘೋಷಿಸಿತು. 2024ರ ಆಗಸ್ಟ್‌ನಿಂದ ಏಳನೇ ವೇತನ ಆಯೋಗದ ಸಂಬಳವೂ ಬಂತು. ಅವರು ಪಡೆದದ್ದು ಅನ್ಯಾಯವೆಂದು ನಾನು ಹೇಳುವುದಿಲ್ಲ. ಸಂಬಳ ಬೆಲೆಯ ಜೊತೆ ನಡೆಯಬೇಕಾದದ್ದೇ. ಕಚೇರಿ ಮುಚ್ಚಿದರೆ ಊರಿಗೆ ಗೊತ್ತಾಗುತ್ತದೆ. ಪಿಂಚಣಿಯ ಅಜ್ಜಿ ಮುಷ್ಕರ ಹೂಡಿ ಏನನ್ನು ನಿಲ್ಲಿಸಬಲ್ಲಳು?

ಅಡಿಕೆ ತೋಟದ ಮಾಲೀಕ ಮತ್ತು ಅವನ ಕೂಲಿಯಾಳಿನ ನಡುವೆಯೂ ಇದೇ ವ್ಯತ್ಯಾಸ. ಬೆಳೆಗಾರರಿಗೆ ಸಂಘಗಳಿವೆ, ಶಾಸಕರಿದ್ದಾರೆ. ಕೇಂದ್ರ 2023ರ ಫೆಬ್ರುವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕೆ.ಜಿ.ಗೆ 251ರಿಂದ 351 ರೂಪಾಯಿಗೆ ಏರಿಸಿತು, ಪಕ್ಷಭೇದವಿಲ್ಲದೆ ಎಲ್ಲರೂ ಅದಕ್ಕೆ ಹೆಸರು ಹಾಕಿಕೊಂಡರು. ನರೇಗಾ ಕೂಲಿ 2023–24ರಲ್ಲಿ 316, ಮರುವರ್ಷ 349, ಅದರ ಮರುವರ್ಷ 370 ಆಯಿತು. ಅದು ಬೆಲೆ ಸೂಚ್ಯಂಕದ ಜೊತೆ ಏರುವ ಏರ್ಪಾಡಾಗಿದ್ದರಿಂದ ಯಾರೂ ಕೇಳದೆಯೇ ಏರಿತು. ಕನಿಷ್ಠ ವೇತನಕ್ಕೂ ಕರ್ನಾಟಕದಲ್ಲಿ ಪ್ರತಿ ಏಪ್ರಿಲ್‌ನಲ್ಲಿ ಬೆಲೆಗೆ ತಕ್ಕಂತೆ ಬದಲಾಗುವ ವ್ಯತ್ಯಸ್ಥ ತುಟ್ಟಿಭತ್ಯೆ ಸೇರುತ್ತದೆ. ವಿಧಾನ ಗೊತ್ತಿದೆ, ಕಡತ ಇದೆ, ಗುಮಾಸ್ತರಿಗೆ ಅಭ್ಯಾಸವೂ ಇದೆ.

ಹಾಗಾದರೆ ಗೃಹಲಕ್ಷ್ಮಿಗೂ ಪಿಂಚಣಿಗೂ ಅದನ್ನೇ ಯಾಕೆ ಅನ್ವಯಿಸಬಾರದು? ಗೃಹಲಕ್ಷ್ಮಿಗೆ 2025–26ರಲ್ಲಿ ಮೀಸಲಿಟ್ಟದ್ದು 28,608 ಕೋಟಿ ರೂಪಾಯಿ. ಶೇ 5 ಏರಿಸಿದರೆ ಒಬ್ಬ ಯಜಮಾನಿಗೆ ಸಿಗುವುದು ತಿಂಗಳಿಗೆ 100 ರೂಪಾಯಿ. ಬೊಕ್ಕಸಕ್ಕೆ ಬೀಳುವುದು 1,430 ಕೋಟಿ, ಮರುವರ್ಷ ಅದರ ಮೇಲೆ ಮತ್ತೊಂದು ಅಷ್ಟು. ಆ ಹಣಕ್ಕೆ ಸರ್ಕಾರ ಮತ್ತೆ ಅದೇ ನಾಲ್ಕೈದು ಬಾಗಿಲುಗಳ ಮುಂದೆ ನಿಲ್ಲಬೇಕು, ಮತ್ತು ಅವುಗಳಲ್ಲಿ ಡೀಸೆಲಿನ ಬಾಗಿಲು ಬೇಗ ತೆರೆಯುತ್ತದೆ. ಹೊಸನಗರದ ಹಿಂಡಿ ಮೂಟೆಗೆ ಆಗ ಎಷ್ಟು ಸೇರುತ್ತದೆ, 100 ರೂಪಾಯಿಯಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕವನ್ನು ಬಜೆಟ್ ಪುಸ್ತಕದಲ್ಲೇ ಒಂದು ಪುಟ ಮಾಡಿ ಅಚ್ಚು ಹಾಕಬಹುದು. ಸದನದಲ್ಲಿ ಅದನ್ನು ಕೇಳಬೇಕಾದದ್ದು ಶಾಸಕರು, ಮಲೆನಾಡಿನಿಂದ ಹೋದವರೂ ಸೇರಿ.